ಹಿಂದಿನ ಪುಟದಲ್ಲಿದ್ದ ಗಿರಿಜಾ

ಕೋವಿಡ್ ಮುಗಿದ ಮರುವರ್ಷ ನಾನು ಶಿರಸಿಯ ಒಂದು ಸಣ್ಣ ಸಾಫ್ಟ್‌ವೇರ್ ಕಚೇರಿಯಲ್ಲಿ ಸಪೋರ್ಟ್ ಎಂಜಿನಿಯರ್ ಆಗಿದ್ದೆ. ಬೇರೆಯವರು ಬರೆದು ಬಿಟ್ಟುಹೋದ ವೆಬ್ ಅಪ್ಲಿಕೇಶನ್‌ಗಳನ್ನು ನಡೆಸಿಕೊಂಡು ಹೋಗುವುದು ನನ್ನ ಕೆಲಸ. ಅವುಗಳಲ್ಲಿ ಒಂದು, ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಗರ್ಭಿಣಿಯರ ತಪಾಸಣಾ ಶಿಬಿರ ನಡೆಸುತ್ತಿದ್ದ ಸೇವಾ ಸಂಸ್ಥೆಯೊಂದರದು. ನರ್ಸ್ ಟ್ಯಾಬ್ಲೆಟ್‌ನಲ್ಲಿ ಒಬ್ಬೊಬ್ಬರ ಹೆಸರು ತೆರೆದು ಬಿಪಿ, ತೂಕ, ರಕ್ತಪರೀಕ್ಷೆ ಎಂದು ಪುಟದಿಂದ ಪುಟಕ್ಕೆ ‘ಮುಂದುವರಿಸಿ’ ಒತ್ತುತ್ತ ಹೋಗಬೇಕು. ಬಿಪಿ 140/90 ಮುಟ್ಟಿದರೆ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಬಾಗಿಲ ಬಳಿ ಕೂತ ಕಾರ್ಯಕರ್ತೆ ಆ ಗುರುತು ನೋಡಿ ಯಾರು ಆಸ್ಪತ್ರೆಗೆ ಹೋಗಬೇಕು, ಯಾರು ಮನೆಗೆ ಹೋಗಬಹುದು ಎಂದು ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಸಂಸ್ಥೆಯ ಸಂಯೋಜಕ ಮಂಜುನಾಥ ಅವರ ಫೋನ್ ಬಂತು. ಹಿಂದಿನ ದಿನ ಹೆಗ್ಗರಣೆ ಹತ್ತಿರದ ಶಿಬಿರದಲ್ಲಿ ಸಾವಿತ್ರಿ ಎಂಬವರಿಗೆ ಬಿಪಿ 160/110 ಎಂದು ದಾಖಲಾಗಿತ್ತು. ಹೆದರಿಕೊಂಡು ಅವರು ಬೆಳಿಗ್ಗೆಯೇ ಆಸ್ಪತ್ರೆಗೆ ಹೋದರೆ, ಅಲ್ಲಿ ಬಂದದ್ದು 110/70. ಎರಡು ಸಲ ನೋಡಿದರೂ ಅಷ್ಟೇ. ಮನೆಯವರು ಸಿಟ್ಟಾಗಿದ್ದರು.

“ಶೈಲಾ ಸಿಸ್ಟರ್ ಕೈಗೆ ಬಂದದ್ದು ಬರೆದಿದ್ದಾರೆ. ಮೊದಲೂ ಒಂದು ಸಲ ಹೀಗೇ ಆಗಿತ್ತು. ಅವರನ್ನ ಬಿಡಿಸೋದು ಅಂತ ಮಾಡಿದ್ದೇವೆ. ನಿಮ್ಮ ಲಾಗ್ ಕಳಿಸಿಕೊಡಿ,” ಎಂದರು.

ಲಾಗ್ ಎಂದರೆ ಯಾವ ಮಾಹಿತಿ ಯಾವಾಗ ಬದಲಾಯಿತು ಎಂದು ಯಂತ್ರವೇ ಬರೆದಿಡುವ ದಾಖಲೆ. ತೆಗೆದು ನೋಡಿದೆ. ಸಾವಿತ್ರಿಯವರ ಬಿಪಿ ಮೊದಲು 110/70 ಎಂದೇ ಬಿದ್ದಿತ್ತು. ಸ್ವಲ್ಪ ಹೊತ್ತಿನ ನಂತರ ಅದರ ಮೇಲೆ 160/110 ಬಂದು ಕೂತಿತ್ತು. ಬೇಜವಾಬ್ದಾರಿಯಿಂದ ಬರೆಯುವವರು ಬರೆದದ್ದನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ಕಳಿಸುವ ಮೊದಲು ಒಮ್ಮೆ ಕೇಳೋಣ ಎಂದು ಶೈಲಾ ಅವರನ್ನು ಕಚೇರಿಗೆ ಕರೆದೆ.

ಶೈಲಾ ಬನವಾಸಿ ಕಡೆಯವರು, ನಡುವಯಸ್ಸಿನ ಹೆಂಗಸು. ಕುರ್ಚಿಯ ತುದಿಯಲ್ಲಿ ಕೂತರು. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು.

“ಸಾವಿತ್ರಿದು ನಾ ತಿದ್ದೇ ಇಲ್ರೀ ಮೇಡಮ್,” ಎಂದರು. “ತಿದ್ದಿದ್ದು ಗಿರಿಜಾಂದು.”

“ಯಾವ ಗಿರಿಜಾ?”

“ಸಾವಿತ್ರಿಗಿಂತ ಮೊದಲ ಬಂದಾಕಿ. ಒಮ್ಮೆ ನೋಡಿದಾಗ 138/88 ಇತ್ರಿ. ಯಾಕೋ ಮನಸ್ಸಿಗೆ ಸರಿ ಬರ್ಲಿಲ್ಲ. ಸ್ವಲ್ಪ ಕೂಡ್ರವಾ, ಇನ್ನೊಮ್ಮೆ ನೋಡ್ತೀನಿ ಅಂದೆ. ಅಷ್ಟ್ರಾಗ ಸಾವಿತ್ರಿದು ಅರ್ಧ ಮಾಡಿದೆ. ಆಮೇಲೆ ಗಿರಿಜಾಂದು ನೋಡಿದ್ರ 160 ಐತಿ. ಹಿಂದ ಹಿಂದ ಹೋದೆ, ಆಕಿ ಹೆಸರು ಬಂತು, ತಿದ್ದಿ ಮುಂದುವರಿಸಿದೆ. ಬಾಗಿಲ ಹತ್ರ ಹೋಗು, ಅವರು ಎಲ್ಲಿ ತೋರಿಸ್ಬೇಕಂತ ಹೇಳ್ತಾರ ಅಂತ ಕಳಿಸಿದೆ.”

ನಾನು ಎರಡು ಸುಳ್ಳು ಹೆಸರು ಹಾಕಿ ಅವರ ಎದುರೇ ಹಾಗೆಯೇ ಮಾಡಿ ನೋಡಿದೆ. ಎರಡನೆಯ ಹೆಸರು ತೆರೆದಿರುವಾಗ ಬ್ರೌಸರ್‌ನ ಬ್ಯಾಕ್ ಬಟನ್ ಒತ್ತುತ್ತ ಮೊದಲನೆಯವರ ಪುಟಕ್ಕೆ ಬಂದು, ಬಿಪಿ ತಿದ್ದಿ, ‘ಮುಂದುವರಿಸಿ’ ಒತ್ತಿದೆ. ತಿದ್ದಿದ ಅಂಕಿ ಎರಡನೆಯವರ ಲೆಕ್ಕಕ್ಕೆ ಹೋಯಿತು.

ಬ್ಯಾಕ್ ಒತ್ತಿದಾಗ ಟ್ಯಾಬ್ಲೆಟ್ ತನ್ನ ನೆನಪಿನಲ್ಲಿದ್ದ ಹಳೆಯ ಪುಟವನ್ನು ತೋರಿಸುತ್ತಿತ್ತು. ಮಾಹಿತಿ ಇಟ್ಟುಕೊಳ್ಳುವ ಸರ್ವರ್‌ಗೆ ಅದರ ಸುಳಿವೇ ಇರಲಿಲ್ಲ. ಕೊನೆಗೆ ತೆರೆದದ್ದು ಸಾವಿತ್ರಿಯ ಹೆಸರು, ಹಾಗಾಗಿ ಬಂದದ್ದೆಲ್ಲ ಸಾವಿತ್ರಿಯದೇ ಎಂದು ಅದು ಬರೆದುಕೊಂಡಿತ್ತು. ಮೇಲಾಗಿ ‘ಮುಂದುವರಿಸಿ’ ಒತ್ತಿದ ಮೇಲೆ ಶೈಲಾ ಕಂಡದ್ದು ಸಾವಿತ್ರಿಯ ತೂಕದ ಪುಟ, ಅವರು ಅರ್ಧಕ್ಕೆ ಬಿಟ್ಟಿದ್ದ ಜಾಗವೇ. ಅನುಮಾನ ಬರಲು ಕಾರಣವೇ ಇರಲಿಲ್ಲ.

ಇಷ್ಟು ಹೊಳೆದದ್ದೇ ಇನ್ನೊಂದೂ ಹೊಳೆಯಿತು. ಗಿರಿಜಾಳ ಹೆಸರಿನ ಮುಂದೆ 138/88 ಹಾಗೇ ಉಳಿದಿತ್ತು. ಕೆಂಪು ಗುರುತು ಇಲ್ಲ. ಬಾಗಿಲ ಬಳಿಯ ಕಾರ್ಯಕರ್ತೆ ಅವಳನ್ನು ಮನೆಗೆ ಕಳಿಸಿದ್ದರು.

ಶೈಲಾ ನನ್ನ ಮುಖ ನೋಡಿಯೇ ಎದ್ದು ನಿಂತರು. “ಎಂಟು ತಿಂಗಳ ಬಸುರಿ ರೀ ಅದು.”

ದಾಖಲೆಯಲ್ಲಿದ್ದದ್ದು ಅವಳ ಗಂಡನ ನಂಬರು. ಫೋನ್ ಸಿಗಲಿಲ್ಲ. ಅವನು ಲಾರಿ ಚಾಲಕ, ಯಲ್ಲಾಪುರದ ಕಡೆ ಹೋಗಿದ್ದ ಎಂದು ಆಮೇಲೆ ತಿಳಿಯಿತು. ಮಂಜುನಾಥರಿಗೆ ವಿಷಯ ತಿಳಿಸಿ ನನ್ನ ಕಾರಿನಲ್ಲೇ ಹೊರಟೆವು. ಶೈಲಾ ಬಿಪಿ ಉಪಕರಣವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು.

ಗಿರಿಜಾಳ ಮನೆಯ ಅಂಗಳದಲ್ಲಿ ಅವಳ ಅತ್ತೆ ನಮ್ಮನ್ನು ತಡೆದು ತಮ್ಮ ಹವಿಗನ್ನಡದಲ್ಲಿ ಕೇಳಿದರು. “ನಿನ್ನೆ ಎಲ್ಲಾ ಸರಿ ಇದ್ದು ಹೇಳಿ ಕಳ್ಸಿದ್ವಲಿ? ಈಗ ಎಂತ ಆತು?”

“ಒಮ್ಮೆ ನೋಡ್ತೀನ್ರಿ ಅಮ್ಮಾ, ಆಮೇಲೆ ಬೈರಿ,” ಎಂದು ಶೈಲಾ ಒಳಗೆ ನಡೆದರು.

ಗಿರಿಜಾ ಕಿಟಕಿ ಮುಚ್ಚಿಕೊಂಡು ಮಲಗಿದ್ದಳು. “ಆನು ಆರಾಮಿದ್ದಿ. ತಲೆ ಒಂಚೂರು ಸಿಡೀತಾ ಇದ್ದು, ಕಣ್ಣೆದುರಿಗೆ ಚುಕ್ಕಿ ಕಾಣ್ತು, ಅಷ್ಟೇಯ,” ಎಂದಳು. ಬಿಪಿ 170/112 ಇತ್ತು. ಅಂಕಿ ಕೇಳಿದ್ದೇ ಅತ್ತೆ ಚೀಲ ತುಂಬತೊಡಗಿದರು.

ಆಸ್ಪತ್ರೆಯಲ್ಲಿ ಕೂಡಲೇ ಚಿಕಿತ್ಸೆ ಶುರುವಾಯಿತು. ಕೆಲವು ದಿನ ಬಿಪಿ ಹಿಡಿತಕ್ಕೆ ಬಂದಂತಾಗಿ ಮತ್ತೆ ಏರಿತು. ಸಿಸೇರಿಯನ್ ಮಾಡಿ ಹೆಣ್ಣುಮಗುವನ್ನು ಹೊರತೆಗೆದರು. ತೂಕ ಕಡಿಮೆಯಿದ್ದ ಮಗುವನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ತಾಯಿ, ಮಗು ಇಬ್ಬರೂ ಉಳಿದರು. ಇನ್ನೊಂದು ದಿನ ಮನೆಯಲ್ಲೇ ಇದ್ದಿದ್ದರೆ ಫಿಟ್ಸ್ ಬರಬಹುದಿತ್ತು ಎಂದು ವೈದ್ಯರು ಹೇಳಿದ್ದನ್ನು ನಾನು ಗಿರಿಜಾಳಿಗೆ ಹೇಳಲಿಲ್ಲ.

ಆ ವಾರವೇ ಹಳೆಯ ಶಿಬಿರಗಳ ದಾಖಲೆ ಜಾಲಾಡಿದೆವು. ಹೀಗೆ ಅದಲುಬದಲಾದವರು ಇನ್ನೂ ಕೆಲವರಿದ್ದರು. ಎಲ್ಲರನ್ನೂ ಕರೆಸಿ ಮತ್ತೆ ಪರೀಕ್ಷೆ ಮಾಡಿಸಿದರು. ಶೈಲಾ ಮೇಲಿನ ಮೊದಲ ದೂರೂ ಇದೇ ಬಗೆಯದ್ದು ಎಂದು ಗೊತ್ತಾಯಿತು. ಮಂಜುನಾಥ ನನ್ನ ಕಚೇರಿಗೇ ಬಂದು, ಅಲ್ಲಿದ್ದ ಶೈಲಾ ಅವರಲ್ಲಿ ಕ್ಷಮೆ ಕೇಳಿದರು. ಶೈಲಾ, “ಇರ್ಲಿ ಬಿಡ್ರಿ,” ಎಂದರೇ ಹೊರತು ಅವರ ಮುಖ ನೋಡಲಿಲ್ಲ.

ನಂತರ ಮಂಜುನಾಥ ನನ್ನ ಕಡೆ ತಿರುಗಿ, “ಆ ಬ್ಯಾಕ್ ಬಟನ್ನೇ ಬಂದ್ ಮಾಡಿಬಿಡಿ. ಹಿಂದೆ ಹೋಗೋದೇ ಬೇಡ,” ಎಂದರು. ಈ ಮಾತನ್ನು ನಾನು ಎಷ್ಟೋ ಗ್ರಾಹಕರ ಬಾಯಲ್ಲಿ ಕೇಳಿದ್ದೇನೆ, ಒಪ್ಪಿಕೊಂಡದ್ದೂ ಉಂಟು.

“ಬಂದ್ ಮಾಡಿದ್ರ ಎರಡನೇ ಸಲ ನೋಡಿದ್ದು ಎಲ್ಲಿ ಬರೀಲ್ರಿ?” ಎಂದು ಶೈಲಾ ಕೇಳಿದರು.

ಬಟನ್ ಉಳಿಯಿತು. ಪ್ರತಿ ಪುಟವೂ ತಾನು ಯಾರದು ಎಂಬ ಗುರುತನ್ನು ತನ್ನೊಳಗೇ ಹೊತ್ತುಕೊಂಡು ಹೋಗುವಂತೆ ಬದಲಿಸಿದೆ. ಹಿಂದೆ ಹೋಗಿ ತಿದ್ದಿದ್ದು ಆ ಪುಟದವರ ಹೆಸರಿಗೇ ಸೇರುತ್ತದೆ, ಸೇರಿದ ಮೇಲೆ ‘ಗಿರಿಜಾ ಅವರ ಬಿಪಿ ಬದಲಾಗಿದೆ’ ಎಂದು ಹೆಸರು ಹೇಳಿಯೇ ಮುಂದಿನ ಪುಟ ತೆರೆಯುತ್ತದೆ. ಕೆಲಸ ದೊಡ್ಡದೇನಲ್ಲ.

ಆಮೇಲೆ ನಾನು ಅನೇಕ ಅಪ್ಲಿಕೇಶನ್‌ಗಳನ್ನು ಪರೀಕ್ಷಿಸಿದ್ದೇನೆ. ಬರೆಯುವ ಎಂಜಿನಿಯರುಗಳು ಮುಂದಕ್ಕೆ ಹೋಗುವ ದಾರಿಯನ್ನು ಚೆನ್ನಾಗಿ ಯೋಚಿಸಿರುತ್ತಾರೆ. ಹಿಂದಕ್ಕೆ ಬರುವವರನ್ನು ತಪ್ಪು ಮಾಡಿದವರೆಂದೇ ತಿಳಿದಿರುತ್ತಾರೆ. ನನ್ನ ಅನುಭವದಲ್ಲಿ ಹಿಂದಕ್ಕೆ ಬರುವವರಲ್ಲಿ ಹೆಚ್ಚಿನವರು ಏನನ್ನೋ ಇನ್ನೊಮ್ಮೆ ನೋಡಬೇಕು ಅನ್ನಿಸಿದವರು. ಅವರು ಬಂದಾಗ ಬಾಗಿಲು ತೆರೆದಿರಬೇಕು, ಒಳಗೆ ಇರಬೇಕಾದವರೇ ಇರಬೇಕು.