ಕಣ್ಣು ತೆರೆಸುವ ಗುರುಸಂಗಪ್ಪ

ಕೊಟ್ಟೂರಿನ ಸುತ್ತಲ ಹಳ್ಳಿಗಳಲ್ಲಿ ಯಾರ ನಡುಮನೆಯ ಗೋಡೆ ನೋಡಿದರೂ, ಫೋಟೋದೊಳಗಿನ ಹಿರಿಯರು ಹೆಚ್ಚುಕಡಿಮೆ ಒಂದೇ ರೀತಿ ನೋಡುತ್ತಾರೆ. ತುಸು ಬಲಕ್ಕೆ, ಬಾಗಿಲಲ್ಲಿ ಯಾರೋ ಬಂದು ನಿಂತಿದ್ದಾರೆ ಎಂಬಂತೆ. ಅದು ಗುರುಸಂಗಪ್ಪನ ಕೈಗುಣ.

ಆ ಹಿರಿಯರಲ್ಲಿ ಬಹಳ ಮಂದಿ ಬದುಕಿದ್ದಾಗ ಕ್ಯಾಮೆರಾದ ಮುಂದೆ ಕೂತವರಲ್ಲ. ಉಸಿರು ನಿಂತ ಮೇಲೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸುವಾಗ ಯಾರಿಗೋ ನೆನಪಾಗುತ್ತಿತ್ತು: ಮನೆಯಲ್ಲಿ ಇವರದೊಂದು ಫೋಟೋ ಇಲ್ಲ. ಆಗ ಒಂದು ಸೈಕಲ್ಲು ಕೊಟ್ಟೂರಿನಲ್ಲಿದ್ದ ಅವನ ಗುರುಕೃಪಾ ಸ್ಟುಡಿಯೋದ ಕಡೆ ಓಡಿಬರುತ್ತಿತ್ತು. ಗುರುಸಂಗಪ್ಪ ಹೋಗಿ ಫೋಟೋ ಹೊಡೆದು, ತಂದು ತೊಳೆದು, ಪ್ರಿಂಟಿನ ಮೇಲೆ ಕೂದಲೆಳೆಯಂಥ ಕುಂಚದಿಂದ, ಮುಚ್ಚಿದ ರೆಪ್ಪೆಗಳ ಜಾಗದಲ್ಲಿ ಕಣ್ಣು ಬರೆಯುತ್ತಿದ್ದ. ಆ ಕೆಲಸಕ್ಕೆ ‘ಕಣ್ಣು ತೆರಿಸೋದು’ ಅಂತಲೇ ಹೆಸರು.

ಬರೆಯುವ ಮೊದಲು ಮನೆಯವರನ್ನು ಕೂಡಿಸಿಕೊಂಡು ಕೇಳುತ್ತಿದ್ದ: “ಕಣ್ಣು ಹ್ಯಾಂಗಿದ್ವು ಹೇಳ್ರಿ.”

“ಸಣ್ಣವು ರಿ. ನಕ್ಕರ ಮುಚ್ಚೇ ಬಿಡಾವು” ಅನ್ನುವರು. “ಒಂದು ಕಣ್ಣು ಸ್ವಲ್ಪ ವಾರೆ ಇತ್ತು, ಈಗ ಅದನ್ನ ಸರಿ ಮಾಡಿಬಿಡ್ರಿ” ಅನ್ನುವರು. ಹಡಗಲಿ ಕಡೆಯ ಒಬ್ಬ ಹೆಂಗಸಂತೂ, “ಬದುಕಿದ್ದಾಗ ಒಂದಿನ ನನ್ನ ಕಡಿ ನೋಡ್ಲಿಲ್ಲ ಈ ಗಂಡಸು. ಈಗರ ನೋಡಾಂಗ ಬರಿ ನೋಡಪ್ಪ” ಅಂದು ಅಳುವುದರ ನಡುವೆ ನಕ್ಕುಬಿಟ್ಟಿದ್ದಳು. ಅವನು ಅವಳ ಮಾತನ್ನೂ ನಡೆಸಿಕೊಟ್ಟಿದ್ದ.

ಹೀಗೆ ಮೂವತ್ತು ವರ್ಷ. ಆ ಮೂವತ್ತೂ ವರ್ಷ ಕತ್ತಲೆ ಕೋಣೆಯಲ್ಲಿ ಅವನ ಎದುರಿಗಿದ್ದವಳು ಹೆಂಡತಿ ಗುರುಬಸಮ್ಮ. ಮಕ್ಕಳಿರಲಿಲ್ಲ. ಕೆಂಪು ಬಲ್ಬಿನ ಮಂಕು ಬೆಳಕಿನಲ್ಲಿ ಕಾಗದವನ್ನು ಮೊದಲ ತಟ್ಟೆಯಲ್ಲಿ ಚಿತ್ರ ಮೂಡಿಸುವ ಡೆವಲಪರ್‌ನಿಂದ ನೀರಿಗೆ, ನೀರಿನಿಂದ ಮೂಡಿದ್ದನ್ನು ನಿಲ್ಲಿಸುವ ಹೈಪೋಕ್ಕೆ ದಾಟಿಸುತ್ತಿದ್ದದ್ದು ಅವಳ ಕೈ. ಚಿಮಟ ಕೊಟ್ಟರೆ, “ಇದು ಕಾಗದಕ್ಕ ಚಿವುಟಿದಾಂಗ ಆಕ್ಕೈತಿ” ಅಂದು ಬದಿಗಿಡುವಳು. ಆ ರಸಾಯನಗಳಿಗೆ ಉಗುರುಗಳು ಕಂದಾಗಿದ್ದವು, ಬೂದಿ ಹಚ್ಚಿ ತಿಕ್ಕಿದರೂ ಆ ಬಣ್ಣ ಹೋಗಲಿಲ್ಲ.

ಅವಳದೂ ಒಂದು ಫೋಟೋ ಆಗಬೇಕು ಅಂತ ಇಬ್ಬರಿಗೂ ಇತ್ತು. “ಈ ರೀಲಿನ ಕೊನೀ ಫೋಟೋ ನಿಂದು” ಅನ್ನುವನು. ರೀಲು ಮುಗಿಯುವ ಹೊತ್ತಿಗೆ ಸರಿಯಾಗಿ ಯಾರೋ ಅರ್ಜಿಗೆ ಅಂಟಿಸುವ ಫೋಟೋ ಬೇಕೆಂದು ಏದುಸಿರು ಬಿಡುತ್ತ ಬರುವರು. ಆಕೆ ಸೀರೆಯ ಸೆರಗು ಸರಿಮಾಡಿಕೊಂಡು ಕೂತವಳು ಎದ್ದು ಅವರಿಗೆ ಸ್ಟೂಲು ಬಿಡುವಳು. “ಅವರದು ಅರ್ಜೆಂಟ್ ಐತಿ. ನಾನೇನ್ ಓಡಿ ಹೊಂಟೇನಿ?” ಮದುವೆಯ ಒಂದೇ ಒಂದು ಫೋಟೋದಲ್ಲಿ ಬಾಸಿಂಗದ ಹಿಂದೆ ತಲೆ ತಗ್ಗಿಸಿದ್ದಳು. ವೋಟಿನ ಕಾರ್ಡಿನ ಮುಖ ಇದ್ದಿಲು ಸವರಿದಂತಿತ್ತು.

ಎರಡು ಸಾವಿರದ ಎರಡನೇ ಇಸವಿಯ ಶ್ರಾವಣದಲ್ಲಿ, ತೊಳೆದ ಪ್ರಿಂಟುಗಳನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದವಳು ಎದೆ ಹಿಡಿದುಕೊಂಡು ಕೂತಳು. ಮತ್ತೆ ಏಳಲಿಲ್ಲ.

ಗೋಡೆಗೆ ಒರಗಿಸಿ ಕೂಡಿಸಿದರು. ಹಗರಿಬೊಮ್ಮನಹಳ್ಳಿಯಿಂದ ಬೇರೆ ಫೋಟೋಗ್ರಾಫರನ್ನು ಕರೆಸೋಣ ಅಂದರೆ ಗುರುಸಂಗಪ್ಪ ಒಪ್ಪಲಿಲ್ಲ. ಸ್ಟ್ಯಾಂಡು ನಿಲ್ಲಿಸಿ ತಾನೇ ಹೊಡೆದ. ಆದರೆ ಎರಡು ವರ್ಷದಿಂದ ಅವನ ಕೈ ನಡುಗುತ್ತಿತ್ತು. ಸ್ಟ್ಯಾಂಡು ಕ್ಯಾಮೆರಾವನ್ನು ಹಿಡಿದಂತೆ ಕುಂಚವನ್ನು ಹಿಡಿಯುವಂಥದ್ದು ಯಾವುದೂ ಇರಲಿಲ್ಲ. ಎರಡು ಪ್ರಿಂಟುಗಳ ಮೇಲೆ ಪ್ರಯತ್ನ ಮಾಡಿದ. ಎರಡರಲ್ಲೂ ರೆಪ್ಪೆಯ ಮೇಲೆ ಕಪ್ಪು ಕಲೆ ಕೂತಿತು, ಅತ್ತು ಕಾಡಿಗೆ ಕದಡಿದಂತೆ. ಶಿವಗಣಾರಾಧನೆಗೆ ಒಂದು ದಿನ ಉಳಿದಿತ್ತು. ಬಂದವರು ನಮಸ್ಕಾರ ಮಾಡುವುದು ಫೋಟೋದ ಮುಂದೆ. ಊರಿಗೆಲ್ಲ ಕಣ್ಣು ತೆರೆಸಿದವನ ಮನೆಯಲ್ಲಿ ಅವಳು ಕಣ್ಣು ಮುಚ್ಚಿಕೊಂಡಿರಬೇಕೇ?

ಮೂರನೆಯ ಪ್ರಿಂಟನ್ನು ಲಕೋಟೆಯಲ್ಲಿಟ್ಟುಕೊಂಡು ಸಂತೆ ಮೈದಾನದ ಬದಿಯ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿ ನಡೆಸುವ ನಾಗರತ್ನ ಕೂಡ್ಲಿಗಿ ಕಡೆಯವಳು. ಅರ್ಜಿ, ಲಗ್ನಪತ್ರಿಕೆ ಟೈಪು ಮಾಡುತ್ತಿದ್ದಳು. ಎರಡು ದಿನದ ಹಿಂದೆ ದಾವಣಗೆರೆಯಿಂದ ಸ್ಕ್ಯಾನರ್ ತರಿಸಿದ್ದಳು; ಡಬ್ಬಿಯನ್ನು ಇನ್ನೂ ಬಿಚ್ಚಿರಲಿಲ್ಲ.

“ಬರ್ರಿ ಕಾಕಾ. ನಿಮ್ಮ ಕೆಲಸಾನ ಇದರಾಗ ಮೊದಲನೇದು” ಅಂದು ಡಬ್ಬಿ ಬಿಚ್ಚಿದಳು. “ಕಂಪ್ಯೂಟರಿಗೆ ಇದರ ಗುರುತು ಸಿಗಬೇಕು. ಅದಕ್ಕ ಡ್ರೈವರ್ ಅಂತ ಒಂದು ಹಾಕಬೇಕಾಕ್ಕೈತಿ. ಸಿಡಿ ಒಳಗ ಇಟ್ಟೀನಿ, ತರ್ತೀನಿ ತಡೀರಿ.”

ಸಿಡಿ ತಂದು ಹಾಕಿದಳು. ಅರ್ಧದವರೆಗೆ ತುಂಬಿದ ನೀಲಿ ಪಟ್ಟಿ ನಿಂತುಬಿಟ್ಟಿತು. ಸಾಧನ ಸಿಗುತ್ತಿಲ್ಲ ಅಂದಿತು ಪರದೆ. ತೆಗೆದು ಮತ್ತೆ ಹಾಕಿದಳು. ಯಂತ್ರ ಆರಿಸಿ ಹೊತ್ತಿಸಿದಳು. ವೈರನ್ನು ಹಿಂದಿನ ಇನ್ನೊಂದು ತೂತಿಗೆ ಚುಚ್ಚಿದಳು. ಸಿಡಿಯನ್ನು ಸೆರಗಿನಿಂದ ಒರೆಸಿದಳು. ನಾಲ್ಕನೇ ಸಲವೂ ಪಟ್ಟಿ ಅದೇ ಜಾಗದಲ್ಲಿ ನಿಂತಿತು. ಕಂಪ್ಯೂಟರಿನಲ್ಲಿದ್ದ ಸಾಮಾನುಗಳ ಪಟ್ಟಿ ತೆಗೆದರೆ, ಸ್ಕ್ಯಾನರ್ ಇರಬೇಕಾದಲ್ಲಿ ಹಳದಿ ಪ್ರಶ್ನೆಚಿಹ್ನೆ ಕೂತಿತ್ತು. ಅಪರಿಚಿತ ಸಾಧನ.

“ಮನಿಯಾಗ ಬಂದು ಕುಂತದ್ದನ್ನ ಯಾರು ನೀನು ಅಂತ ಕೇಳಾಕ ಹತ್ತೈತಿ ನೋಡ್ರಿ ಈ ಮಾರಿಗೇಡಿ” ಅಂದು ನಾಗರತ್ನ ದಾವಣಗೆರೆಗೆ ಫೋನು ಹಚ್ಚಿದಳು. ಮಾರಿದವನು ಆ ಕಡೆಯಿಂದ ಕೇಳಿದ್ದು ಗುರುಸಂಗಪ್ಪನಿಗೂ ಕೇಳಿಸಿತು.

“ಮೇಡಂ, ಮೊದ್ಲು ಸಿಡಿ ಹಾಕಿದ್ರಾ, ಮೊದ್ಲು ವೈರ್ ಚುಚ್ಚಿದ್ರಾ?”

“ಸಿಡೀನ ಮೊದಲು. ನನಗಷ್ಟೂ ಗೊತ್ತಿಲ್ಲೇನ್ರಿ?”

ಗುರುಸಂಗಪ್ಪ ಲಕೋಟೆಯ ಅಂಚನ್ನು ಬೆರಳಲ್ಲಿ ನೀವುತ್ತ ಕೂತಿದ್ದ. ಮೆಲ್ಲಗೆ ಅಂದ: “ಯವ್ವಾ… ನೀನು ಸಿಡಿ ತರಾಕ ಒಳಗ ಹೋದಾಗ ನಾನ ವೈರ್ ಚುಚ್ಚಿದ್ನೆವ್ವ. ಅಷ್ಟರ ಲಗೂನ ಆಗ್ಲಿ ಅಂತ. ಪರದೇದ ಮ್ಯಾಲ ಏನೋ ಬಂತು, ಒಂದು ಗುಂಡಿ ಒತ್ತಿದೆ. ಹೋತು. ಅಂಜಿ ವೈರ್ ಮತ್ತ ಕಿತ್ತಿಟ್ಟೆ.”

ನಾಗರತ್ನ ಫೋನು ಇಟ್ಟಳು. “ಆತು ಬಿಡ್ರಿ! ಡ್ರೈವರ್ ಇಲ್ಲದಾಗ ವೈರ್ ಚುಚ್ಚಿದರ ಅದು ತನಗ ತಿಳಿದಾಂಗ ಏನೋ ಒಂದು ಹೆಸರು ಬರ್ಕೊಂಡು ಕುಂತುಬಿಡ್ತೈತಿ. ಆಮ್ಯಾಲ ನಾವು ಖರೇದು ಹೇಳಿದ್ರೂ ಕೇಳೋದಿಲ್ಲ.”

“ಡೆವಲಪರ್‌ನಾಗ ಹಾಕದ ಹೈಪೋದಾಗ ಅದ್ದಿದಾಂಗಾತು” ಅಂದ ಗುರುಸಂಗಪ್ಪ. ಈ ಯಂತ್ರದ ಮಾತುಗಳಲ್ಲಿ ಅವನಿಗೆ ತಿಳಿದದ್ದು ಅದೊಂದೇ. “ಕಾಗದ ಬೆಳ್ಳಗಾಗಿಬಿಡ್ತೈತಿ. ಮದುವಿಯಾದ ಹೊಸದಾಗ ಅಕಿ ಹಂಗ ಮಾಡಿ ಅತ್ತಿದ್ಲು. ನಾನು ಬೈದಿದ್ದೆ.”

“ನಾನು ಬೈಯೋದಿಲ್ಲ ಬಿಡ್ರಿ” ಅಂದಳು ನಾಗರತ್ನ. ಬರೆದುಕೊಂಡ ತಪ್ಪು ಹೆಸರನ್ನು ಅಳಿಸಬೇಕು, ಯಂತ್ರ ಆರಿಸಬೇಕು, ಸಿಡಿ ಮೊದಲು, ಆಮೇಲೆ ವೈರ್. ಅಳಿಸುವುದಕ್ಕೆ ಕೈ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕು ಗಂಟೆಯ ಮೊದಲು ಬರುವಂತಿರಲಿಲ್ಲ.

ಇಬ್ಬರೂ ಬಾಗಿಲ ಬೆಳಕಿನಲ್ಲಿ ಕೂತರು. ಹೊರಗೆ ಮೋಡ ಕಟ್ಟಿ ಸುರಿಯದೆ ಸರಿದುಹೋಗುತ್ತಿತ್ತು. ನಾಗರತ್ನ ಮೇಜಿನ ಮೇಲಿನ ಗೋಡೆ ತೋರಿಸಿದಳು. ಅಲ್ಲಿ ಅವಳ ಅಪ್ಪ ಹುಲುಗಣ್ಣನ ಫೋಟೋ ಇತ್ತು. ಗುರುಸಂಗಪ್ಪ ಕೂಡಲೇ ಗುರುತು ಹಿಡಿದ: ತುಸು ಬಲಕ್ಕೆ ನೋಡುವ ಕಣ್ಣು.

“ನೀವ ತೆರಿಸಿದ್ದು. ನಾನು ಏಳನೇ ಕ್ಲಾಸಿನಾಗ ಇದ್ದೆ ಆವಾಗ. ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕಬ್ಯಾಡ್ರಿ. ಅವು ನಮ್ಮಪ್ಪನ ಕಣ್ಣಲ್ಲ ಅಂತ ಅವತ್ತ ಅನ್ನಿಸಿತ್ತು ನನಗ. ಅವ್ವಗ ಹೇಳಿದ್ರ ಹೊಡೀತಾಳ ಅಂತ ಸುಮ್ನಾದೆ. ಈಗ ಅಪ್ಪನ್ನ ನೆನಸಿಕೊಂಡ್ರ ಬರೋದು ಅವ ಕಣ್ಣು. ಖರೇವು ಹ್ಯಾಂಗಿದ್ವೋ… ಹುಡುಕಿದ್ರೂ ಸಿಗವಲ್ಲವು.”

ಗುರುಸಂಗಪ್ಪ ತಾನು ಬರೆದ ಆ ಕಣ್ಣುಗಳನ್ನು ನೋಡಿದ. ಕ್ಷಮೆ ಕೇಳಬೇಕು ಅನ್ನಿಸಿತು. ಯಾರನ್ನು ಕೇಳುವುದು, ಇವಳನ್ನೋ ಗೋಡೆಯ ಮೇಲಿನವನನ್ನೋ ತಿಳಿಯಲಿಲ್ಲ.

“ಬ್ಯಾಸರ ಮಾಡ್ಕಬ್ಯಾಡ್ರಿ ಕಾಕಾ. ಅವೂ ಇಲ್ದಿದ್ರ ಮುಖಾನ ಮರೀತಿದ್ದೆ” ಅಂದು ಅವಳು ಚಹಾ ತರಲು ಎದ್ದಳು.

ನಾಲ್ಕೂಕಾಲಿಗೆ ಕರೆಂಟು ಬಂತು. ನಾಗರತ್ನ ಹಳದಿ ಚಿಹ್ನೆಯನ್ನು ಅಳಿಸಿದಳು, ಯಂತ್ರ ಆರಿಸಿದಳು. “ಈಗ ಕೈ ಕಟ್ಟಿಕೊಂಡು ಕುಂದರ್ರಿ ಮತ್ತ” ಅಂದಳು. ಅವನು ನಿಜವಾಗಿಯೂ ಕೈ ಕಟ್ಟಿಕೊಂಡ. ಸಿಡಿ ಒಳಗೆ ಗುಂಯ್‌ಗುಟ್ಟಿತು. ನೀಲಿ ಪಟ್ಟಿ ಅರ್ಧಕ್ಕೆ ಬಂತು, ತಡೆಯಿತು, ದಾಟಿತು. ಆಮೇಲೆ ವೈರು. ಪರದೆಯ ಮೇಲೆ ಸ್ಕ್ಯಾನರಿನ ಹೆಸರು ತಾನಾಗಿ ಮೂಡಿತು.

ಫೋಟೋವನ್ನು ಗಾಜಿನ ಮೇಲೆ ಬೋರಲು ಮಲಗಿಸಿ ಮುಚ್ಚಳ ಹಾಕಿದರು. ಸಂದಿನಲ್ಲಿ ಬೆಳ್ಳನೆಯ ಬೆಳಕು ನಿಧಾನ ಹರಿಯಿತು. ಪರದೆಯ ಮೇಲೆ ಮೊದಲು ಗೋಡೆಯ ಸುಣ್ಣ, ಆಮೇಲೆ ಬೈತಲೆ, ವಿಭೂತಿ, ಹುಬ್ಬು. ಡೆವಲಪರ್‌ನಲ್ಲಿ ಮುಖವೆಲ್ಲ ಒಟ್ಟಿಗೆ ತೇಲಿಬರುತ್ತಿತ್ತು. ಇಲ್ಲಿ ಗೆರೆಗೆರೆಯಾಗಿ ಇಳಿಯುತ್ತಿತ್ತು. ಮುಚ್ಚಿದ ರೆಪ್ಪೆಗಳು ಬಂದವು. ಮೂಗು, ತುಟಿ. ಕೊನೆಗೆ ಮಡಿಲಲ್ಲಿ ಒಂದರ ಮೇಲೊಂದು ಇಟ್ಟ ಕೈಗಳು. ಕಪ್ಪುಬಿಳುಪಿನಲ್ಲೂ ಆ ಉಗುರುಗಳ ಕಂದು ಅವನಿಗೆ ಕಂಡಿತು.

“ಆತು!” ಅಂದಳು ನಾಗರತ್ನ. “ಇನ್ನ ಸಲೀಸು. ನನ್ನ ಕಡಿ ಬೇರೆಯವರ ಫೋಟೋ ಅದಾವು, ಹೊಂದೋ ಕಣ್ಣು ಕತ್ತರಿಸಿ ಇಲ್ಲಿ ಕೂಡಿಸ್ತೀನಿ. ದೊಡ್ಡವೋ ಸಣ್ಣವೋ? ಹ್ಯಾಂಗಿದ್ವು ಹೇಳ್ರಿ.”

ಅವನು ಬಾಯಿ ತೆರೆದ.

ದೊಡ್ಡವು ಅನ್ನಲು ಹೋದ. ಅಲ್ಲ ಅನ್ನಿಸಿತು. ಹುಬ್ಬಿನ ಕೆಳಗೆ ತುಸು ಒಳಗೆ ಇದ್ದವೇ? ನಗುವಾಗ ಕಿರಿದಾಗುತ್ತಿದ್ದವೇ? ಅವಳ ನಗುವಿನ ಸದ್ದು ನೆನಪಿತ್ತು. ಕತ್ತಲಲ್ಲಿ ಬಳೆ ಸರಿಯುವ ಸದ್ದು, ಹೈಪೋದ ಹುಳಿ ವಾಸನೆ, ನೀರಿನಿಂದ ಎತ್ತಿದ ಕಾಗದ ತೊಟ್ಟಿಕ್ಕುವಾಗ ಕೆಳಗೆ ಅಂಗೈ ಹಿಡಿಯುತ್ತಿದ್ದ ಬಗೆ. ಮೂವತ್ತು ವರ್ಷ ಒಂದು ಮೊಳ ದೂರದಲ್ಲಿ ನಿಂತವಳು. ಅವನು ನೋಡುತ್ತಿದ್ದದ್ದು ತಟ್ಟೆಯೊಳಗಿನ ಮುಖಗಳನ್ನು, ಬೇರೆಯವರ ಕಣ್ಣುಗಳನ್ನು. ಅವಳಲ್ಲಿ ಅವನು ನೋಡಿದ್ದು ಕೈ.

“ಕಾಕಾ?”

“ತಡಿಯವ್ವ” ಅಂದ. ಕಣ್ಣು ಮುಚ್ಚಿಕೊಂಡು ಹುಡುಕಿದ. ಕತ್ತಲು, ಕೆಂಪು ಬೆಳಕು, ಕೈ. ಮತ್ತೆ ಕೈ.

ನಾಗರತ್ನ ಅವನ ಮುಖ ನೋಡಿ ಕೀಲಿಮಣೆಯಿಂದ ಬೆರಳು ತೆಗೆದಳು. ಗೋಡೆಯ ಮೇಲಿನ ತನ್ನ ಅಪ್ಪನ ಕಡೆ ಒಂದು ಸಲ ನೋಡಿದಳು.

ಗುರುಸಂಗಪ್ಪ ಕಣ್ಣು ತೆರೆದು ಅಂದ: “ಬ್ಯಾಡವ್ವ. ಹಿಂಗ ಇರ್ಲಿ.” ಫೋಟೋವನ್ನು ಚೌಕಟ್ಟಿಗೆ ಹೊಂದಿಸಲು ಅವಳು ಎದೆಯವರೆಗೆ ಗೆರೆ ಎಳೆದಾಗ ಅವನು ಪರದೆಗೆ ಕೈ ಅಡ್ಡ ಹಿಡಿದ. “ಕೈ ಕತ್ತರಿಸಬ್ಯಾಡ. ಕೈ ಇರ್ಲಿ.”

ಮರುದಿನ ಗಣಾರಾಧನೆಗೆ ಬಂದವರು ಫೋಟೋದ ಮುಂದೆ ಹೂ ಇಟ್ಟು ಕೈಮುಗಿದು, ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಪಕ್ಕದ ಮನೆಯ ಅಜ್ಜಯ್ಯ ಮಾತ್ರ ಎದುರಿಗೇ ಅಂದುಬಿಟ್ಟ: “ಏನಪ್ಪ, ಊರ ಮಂದಿಗೆಲ್ಲ ಕಣ್ಣು ತೆರಿಸ್ದಿ. ಇಕಿಗೆ ತೆರಿಸಾಕ ಏನ್ ಧಾಡಿ ನಿನಗ?”

“ಕೈ ನಡುಗ್ತೈತಿ” ಅಂದ ಗುರುಸಂಗಪ್ಪ. ಅದೂ ಸುಳ್ಳಲ್ಲ.

ಪಂಕ್ತಿಯಲ್ಲಿ ಕೂತಾಗ ಗುರುಬಸಮ್ಮನ ತಂಗಿ ಹಾಲಮ್ಮ ಹುಗ್ಗಿ ಬಡಿಸುತ್ತ ಬಂದಳು. ನೀಲಗುಂದಕ್ಕೆ ಕೊಟ್ಟವಳು, ಧ್ವನಿ ಅಕ್ಕನದೇ. ಅವನ ಎಲೆಯ ಮುಂದೆ ಬಾಗಿದಳು. ಗುರುಸಂಗಪ್ಪ ಎಲೆ ನೋಡಲಿಲ್ಲ. ಅವಳ ಮುಖದಲ್ಲಿ, ರೆಪ್ಪೆಯ ಕೆಳಗೆ, ಬೆಳಕಿನಲ್ಲಿ ಕಂದೋ ಕಪ್ಪೋ ಎಂದು ಹುಡುಕತೊಡಗಿದ. ಇವೇ ಇರಬಹುದೇ? ಇಷ್ಟೇ ಅಗಲವೇ? ಹೋಲಿಸಿ ನೋಡಲು ಇನ್ನೊಂದು ಜೊತೆ ಬೇಕಿತ್ತು. ಅದು ಅವನಲ್ಲಿ ಇರಲಿಲ್ಲ.

ಹಾಲಮ್ಮ ಸೌಟು ಹಿಡಿದುಕೊಂಡೇ ನಿಂತಳು. “ಏನ್ ಮಾವ? ಹಂಗ್ಯಾಕ ನೋಡಾಕ ಹತ್ತೀರಿ?”

“ಏನಿಲ್ಲವ್ವ” ಅಂದ ಅವನು, ಎಲೆಯತ್ತ ತಲೆ ತಗ್ಗಿಸಿ. “ನೀಡು. ಸ್ವಲ್ಪ ನೀಡು.”