ಅಂಚಿಲ್ಲದ ರೆಕ್ಕೆ

ಇಳಕಲ್ಲಿನ ಶಿವಸಂಗಪ್ಪ ಹಟಮಾರಿ ನೇಕಾರ. ಓಣಿಯವರೆಲ್ಲ ಪವರ್‌ಲೂಮಿಗೆ ಹೋದರೂ ಅವನು ಕೈಮಗ್ಗ ಬಿಡಲಿಲ್ಲ. ಬುದ್ಧಿ ಹೇಳಲು ಬಂದವರಿಗೆ ಚಹಾ ಕುಡಿಸಿ, ಬಯ್ದು ಕಳಿಸುತ್ತಿದ್ದ. ಅವನ ಮಗಳು ಚೇತನಾ ಹಟದಲ್ಲಿ ಅಪ್ಪನಿಗಿಂತ ಒಂದು ಗುಲಗಂಜಿ ಹೆಚ್ಚೇ. ಬಾಗಲಕೋಟೆಯ ಸಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಈಕೆ ಒಂದು ದಿನ ಮನೆಗೆ ಬಂದವಳೇ, "ಅಪ್ಪಾ, ನಾ ಹಾರಾಕ ಹೊಂಟೇನಿ" ಅಂದಳು.

ನೂರು ವರ್ಷಕ್ಕೂ ಹಿಂದೆ, ಇನ್ನೂ ವಿಮಾನವೇ ಇಲ್ಲದ ಕಾಲದಲ್ಲಿ, ಜರ್ಮನಿಯ ಲಿಲಿಯೆಂಥಾಲ್ ಎಂಬಾತ ಕಡ್ಡಿಗಳಿಗೆ ಅರಿವೆ ಬಿಗಿದು, ಆ ರೆಕ್ಕೆಗೆ ಜೋತುಬಿದ್ದು ಗುಡ್ಡದಿಂದ ತೇಲಿ ಇಳಿಯುತ್ತಿದ್ದ. ಕೊನೆಗೆ ಹಾಗೆ ಹಾರುವಾಗಲೇ ಬಿದ್ದು ಸತ್ತ. ಅವನ ನೆನಪಿಗೆ ಅಂಥದೇ ರೆಕ್ಕೆ ಕಟ್ಟಿ ಹಾರಿಸಬೇಕೆಂದು ಗ್ಲೈಡರಿನಲ್ಲಿ ಪಳಗಿದ ಶಿವಪ್ರಕಾಶ ಮಾಸ್ತರ ಹೊರಟಿದ್ದರು. ಚೇತನಾ ಅವರ ಕೈಯಲ್ಲಿ ಕಲಿತವಳು, ಮೈಯೂ ಹಗುರ. ಹಾಗಾಗಿ ಹಾರುವವಳು ಅವಳೇ. ಅರಿವೆ ಮಾತ್ರ ಅಪ್ಪನ ಮಗ್ಗದ್ದೇ ಆಗಬೇಕು. ಅಚ್ಚ ಹತ್ತಿಯದು, ಬಿಳಿಯದು, ಎಲ್ಲೆಡೆ ಒಂದೇ ಬಿಗಿ ಬರಲೆಂದು ಅಂಚಿಲ್ಲದ್ದು.

ಅಂಚಿಲ್ಲದ್ದು! ಶಿವಸಂಗಪ್ಪನ ಮನೆತನದಲ್ಲಿ ಅಂಚಿಲ್ಲದ ಬಿಳಿ ಬಟ್ಟೆ ನೇಯುತ್ತಿದ್ದುದು ಹೆಣಕ್ಕೆ ಮಾತ್ರ. ಅದನ್ನು ಮಗಳ ನೆತ್ತಿಯ ಮೇಲೆ ಕಟ್ಟುವುದೇ? ಬೇಡವೆಂದರೆ ಅವಳು ಕೇಳುವವಳಲ್ಲ. ಅವನು ತಲೆ ಓಡಿಸಿದ. ಎರಡು ಬೆರಳಗಲ ಬಿಳಿ ರೇಷ್ಮೆಯ ಅಂಚು ಸೇರಿಸಿ ನೇಯ್ದ. ಬಿಳಿಯೊಳಗೆ ಬಿಳಿ, ಯಾರಿಗೆ ಕಾಣಬೇಕು? ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದುಕೊಂಡು ನೆಮ್ಮದಿಯಾಗಿ ಉಂಡು ಮಲಗಿದ.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಚೌಕಟ್ಟಿಗೆ ಬಿಗಿದ ಅರಿವೆಗೆ ಮಾಸ್ತರರು ನೀರು ಚಿಮುಕಿಸಿದರು, ಒಣಗಿದರೆ ಕುಗ್ಗಿ ಬಿಗಿಯಾಗಿ ನಿಲ್ಲಲಿ ಎಂದು. ಹತ್ತಿ ಕುಗ್ಗಿತು, ರೇಷ್ಮೆ ಕುಗ್ಗಲಿಲ್ಲ. ರೆಕ್ಕೆಯ ಹಿಂಬದಿ ಸಣ್ಣಗೆ ನೆರಿಗೆಗಟ್ಟಿತು. ಇಷ್ಟಕ್ಕೇನು ಎಂದು ಎಲ್ಲರೂ ಬಿಟ್ಟರು. ಅಮೀನಗಡದಾಚೆಯ ಗುಡ್ಡದಿಂದ ಚೇತನಾ ಓಡಿ ಕಾಲೆತ್ತಿದ್ದೇ ತಡ, ಆ ಸಡಿಲು ಪಟಪಟ ಬಡಿದು ರೆಕ್ಕೆ ಎಡಕ್ಕೆ ವಾಲಿತು. ಅವಳು ಕಲ್ಲಿನ ಮೇಲೆ ಬಿದ್ದಳು, ಎಡ ಮುಂಗೈ ಮುರಿಯಿತು.

ದವಾಖಾನೆಯಲ್ಲಿ ಹರಿದ ಅರಿವೆಯನ್ನು ಬಲಗೈಯಲ್ಲಿ ಹೊಸಕಿ ನೋಡಿದಳು. ಎಷ್ಟಾದರೂ ನೇಕಾರನ ಮಗಳು.

"ಅಪ್ಪಾ, ಇದು ರೇಷ್ಮಿ."

ಶಿವಸಂಗಪ್ಪ ಅತ್ತುಬಿಟ್ಟ. "ನಿನ್ನ ಕಾಯ್ಲಿ ಅಂತ ಹಾಕಿದ್ನೆವ್ವ. ಅದ ನಿನ್ನ ಕೆಡವಿತು."

ಇನ್ನು ಗಿರಣಿಯ ಬಟ್ಟೆ ತರುತ್ತೇನೆ ಎಂದರು ಮಾಸ್ತರ. ಚೇತನಾ ಒಪ್ಪಲಿಲ್ಲ.

"ಅಂಚಿಲ್ಲದ್ದು ನೀನ ನೇಯಬೇಕಪ್ಪಾ. ನಾ ಸಾಯ್ತೇನಿ ಅಂತ ನೀ ಕುಂತಿದ್ರ, ಆ ಅಂಜಿಕಿ ಹೊತ್ಕೊಂಡು ನನಗ ಹಾರಾಕ ಆಗಂಗಿಲ್ಲ."

ಅವಳ ಮುರಿದ ಕೈ ಕೂಡಿದ ಮೇಲೆ ಶಿವಸಂಗಪ್ಪ ಮಗ್ಗಕ್ಕೆ ಕುಳಿತ. ಹೆಂಡತಿ ಶೇಖವ್ವ ಉರಿದುಬಿದ್ದಳು. "ಹಡದ ಮಗಳಿಗೆ ಹೆಣದ ಅರಿವಿ ನೇಯಾಕ ನಾ ಕಂಡಿಕಿ ಸುತ್ತಿ ಕೊಡಂಗಿಲ್ಲ" ಎಂದು ರಾಟೆ ಬಿಟ್ಟೆದ್ದಳು. ಅವಳದೇನು ತಪ್ಪು? ಹೆತ್ತ ಕರುಳು. ಶಿವಸಂಗಪ್ಪ ಲಾಳಿಯೊಳಗಿನ ಕಂಡಿಕೆಗೆ ತಾನೇ ನೂಲು ಸುತ್ತಿಕೊಂಡ. ಅಂಚು ಬರಬೇಕಾದ ಕಡೆ ಲಾಳಿ ಹಾಯುವಾಗೆಲ್ಲ ಅವನ ಕೈ ತಡೆಯುತ್ತಿತ್ತು. ಮೂವತ್ತು ವರ್ಷದ ನೇಕಾರಿಕೆಯಲ್ಲಿ ಅಷ್ಟು ಕಷ್ಟದ ಬಟ್ಟೆ ಅವನು ನೇಯ್ದಿರಲಿಲ್ಲ.

ಮತ್ತೆ ಅದೇ ಗುಡ್ಡ. ಮಾಸ್ತರರು ಲಿಲಿಯೆಂಥಾಲನ ಪಟಕ್ಕೆ ಹೂವೇರಿಸಿ, ಅವನು ಹೇಗೆ ಹಾರಿದ, ಹೇಗೆ ಬಿದ್ದ ಎಂದು ಹೇಳಿದರು. ಎಲ್ಲರೂ ಕೈಮುಗಿದರು.

"ಆತನ ಅರಿವಿ ಯಾರು ನೇಯ್ದಿದ್ರ್ಯೋ, ಸರ?" ಎಂದು ಶಿವಸಂಗಪ್ಪ ಮೆಲ್ಲಗೆ ಕೇಳಿದ. "ಪಾಪ, ಆ ನೇಕಾರಗ ಹೆಂಗ ನಿದ್ದಿ ಹತ್ತೀತು?"

ಮಾಸ್ತರರು ಪಟದ ಮೇಲಿನ ಹೂವನ್ನು ಸರಿಪಡಿಸಿದರು.

ಎದುರುಗಾಳಿ ಬಂತು. ಚೇತನಾ ಇಳಿಜಾರಿನಲ್ಲಿ ಓಡಿದಳು. ಶಿವಸಂಗಪ್ಪನಿಗೆ ಅವಳ ಹೆಜ್ಜೆಯ ಸದ್ದು ಕೇಳಿಸಿತು, ಆಮೇಲೆ ಅದೂ ನಿಂತಿತು. ತುಸು ಹೊತ್ತಿಗೆ ಕೆಳಗಿನ ಬಯಲಿನಿಂದ ಕೇಕೆ ಎದ್ದಿತು.

ಅವಳು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದಳು. "ಅಪ್ಪಾ, ನೋಡಿದೇನು?"

"ಇಲ್ಲವ್ವ. ಅಂಜಿ ಕಣ್ಣ ಮುಚ್ಚಿದ್ನಿ."

ಅವಳ ಮುಖ ಬಾಡಿತು. ಶಿವಸಂಗಪ್ಪ ಹೆಗಲ ಮೇಲಿನ ವಸ್ತ್ರದಿಂದ ಅವಳ ಬೆವರು ಒರೆಸಿದ.

"ಇನ್ನೊಮ್ಮೆ ಹಾರು," ಅಂದ. "ಈಗ ನೋಡ್ತೇನಿ."