ಅಂಗಿಯ ಗುಂಡಿ ಹಾಕಿದ್ದು ಯಾರು

ನನ್ನ ತಂಗಿಗೆ ಮೂಗಿನ ತುದಿಯಲ್ಲೇ ಕೋಪ ಅಂತ ಬೀದಿಯವರೆಲ್ಲ ಆಡಿಕೊಳ್ತಾರೆ. ಆಡಿಕೊಳ್ಳಲಿ. ನನಗೂ ಅಷ್ಟೇ ಕೋಪ ಇದೆ. ನಾನು ಅದನ್ನ ಹೊಲಿಗೆ ಮೆಷಿನ್ ಮೇಲೆ ತೀರಿಸಿಕೊಳ್ತೀನಿ, ಅದಕ್ಕೇ ಯಾರಿಗೂ ಕಾಣಲ್ಲ. ಅವಳು ಚಿಕ್ಕಂದಿನಿಂದ ಎಲ್ಲದಕ್ಕೂ ವಾದ ಹಾಕ್ತಿದ್ದಳು ಅಂತ ಅಪ್ಪ ಲಾಯರಮ್ಮ ಅಂತ ಕರೀತಿದ್ದರು. ಆಮೇಲೆ ಎಲ್ಲರ ಬಾಯಲ್ಲೂ ಅದೇ ಉಳೀತು.

ಅಪ್ಪ ಲೈನ್‌ಮನ್ ಆಗಿದ್ದವರು. ಕರೆಂಟ್ ಕಂಬ ಹತ್ತಿ ಇಳಿದೇ ಆಯುಷ್ಯ ಕಳೆದರು. ಅಮ್ಮ ಹೋದ ಮೇಲೆ ಅವರಿಗೆ ಲಕ್ವ ಹೊಡೆದು ಬಲಗೈ ಪೂರ್ತಿ ಬಿದ್ದುಹೋಯಿತು, ಬಲಗಾಲು ಅರ್ಧಂಬರ್ಧ. ಬೆಳಿಗ್ಗೆ ಅವರನ್ನ ಎಬ್ಬಿಸಿ, ಸ್ನಾನ ಮಾಡಿಸಿ, ಬಟ್ಟೆ ಹಾಕೋಕೆ ಒಬ್ಬರು ಬೇಕೇ ಬೇಕು. ನನಗೆ ಬೆಳಿಗ್ಗೆ ಯೂನಿಫಾರಂ ಹೊಲಿಯೋ ಕಾರ್ಖಾನೆ, ತಡವಾದರೆ ಗೇಟ್ ಹಾಕಿಬಿಡ್ತಾರೆ. ಕಲ್ಯಾಣ ಇಲಾಖೆಯವರು ಇಂಥವರ ಮನೆಗೆ ಸಹಾಯಕಿಯನ್ನ ಕಳಿಸ್ತಾರೆ ಅಂತ ಯಾರೋ ಹೇಳಿದರು. ಲಾಯರಮ್ಮ ಆ ಆಫೀಸಿಗೆ ಚಪ್ಪಲಿ ಸವೆಯೋವರೆಗೂ ಅಲೆದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲ್ಲ ಅಂತಾರಲ್ಲ, ಹಾಗೆ. ಕೊನೆಗೆ ಸಹಾಯಕಿ ಸಿಕ್ಕಳು, ಚಿನ್ನದಂಥ ಹೆಂಗಸು.

ಸಿಕ್ಕ ದಿನವೇ ತಂಗಿ ನನ್ನ ಹತ್ತಿರ ಅಂದಳು, "ಆ ಆಫೀಸಿನ ಕಿಟಕಿಯ ಈಚೆ ನಿಂತು ಸಾಕಾಯ್ತು ಕಣೇ ಅಕ್ಕ. ಆಚೆ ಕಡೆ ಹೋಗಿ ಕೂರ್ತೀನಿ."

ಹಾಗೆ ಅವಳು ಯೂನಿವರ್ಸಿಟಿ ಸೇರಿದ್ದು. ಸಾರ್ವಜನಿಕ ಆಡಳಿತ ಮತ್ತು ಸಮಾಜ ಸೇವೆ. ಬೆಳಿಗ್ಗೆ ಕ್ಲಾಸು, ಸಂಜೆ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೆಲಸ. ಕ್ಲಾಸಿನಲ್ಲಿ ಅವಳೇ ಎಲ್ಲರಿಗಿಂತ ದೊಡ್ಡವಳು. ಹುಡುಗರು ಮೊದಲ ದಿನ ಅವಳನ್ನೇ ಮೇಡಂ ಅಂದುಕೊಂಡು ಎದ್ದು ನಿಂತಿದ್ದರಂತೆ. ಸಹಾಯಕಿ ಬರ್ತಿದ್ದಳು, ಅದಕ್ಕೆ ಇವಳು ಹೋಗ್ತಿದ್ದಳು. ಆ ಹೆಂಗಸು ಬರದಿದ್ದರೆ ಇವಳ ಓದು ಅಲ್ಲಿಗೇ ನಿಂತ ಹಾಗೆ.

ಎರಡನೇ ವರ್ಷ ಒಂದು ದಿನ ಸಹಾಯಕಿ ಬಾಗಿಲಲ್ಲೇ ನಿಂತು ಅತ್ತಳು. "ಈ ಮನೆಗೆ ಇನ್ನು ಹೋಗಬೇಡ ಅಂದಿದ್ದಾರೆ ಅಕ್ಕಾ. ಯಾಕೆ ಅಂತ ನನಗೂ ಹೇಳಲಿಲ್ಲ."

ಲಾಯರಮ್ಮ ಕ್ಲಾಸು ಬಿಟ್ಟು ಅಪ್ಪನಿಗೆ ಸ್ನಾನ ಮಾಡಿಸೋಕೆ ನಿಂತಳು. ಅಪ್ಪನಿಗೆ ಅದು ಸಾವಿಗೆ ಸಮ. ಮಗಳ ಕೈಲಿ ಸ್ನಾನ ಮಾಡಿಸಿಕೊಳ್ಳೋವಾಗ ಕಣ್ಣು ಮುಚ್ಚಿಕೊಂಡೇ ಕೂರ್ತಿದ್ದರು. ಅತ್ತ ಯೂನಿವರ್ಸಿಟಿಯಲ್ಲಿ ಹಾಜರಿ ಕಮ್ಮಿ, ಪರೀಕ್ಷೆಗೆ ಕೂರಿಸಲ್ಲ ಅಂತ ಎಚ್ಚರಿಕೆ. ಆ ಹೆದರಿಕೆಗೆ ಒಂದು ದಿನ ನನ್ನ ಕೈಲಿ ರಜೆ ಹಾಕಿಸಿ ಕ್ಲಾಸಿಗೆ ಹೋದಳು. ಅಲ್ಲಿ ನಡೆದದ್ದನ್ನ ರಾತ್ರಿ ಬಂದು ನನಗೆ ಹೇಳಿದಳು.

ಅಲ್ಲೊಂದು ಪದ್ಧತಿ ಇದೆ ನೋಡಿ. ಸಹಾಯ ಪಡೀತಿರೋರ ಮನೆಗೆ ಹೋಗಿ, ಇನ್ನೂ ಅಗತ್ಯ ಇದೆಯಾ ಅಂತ ನೋಡಿ ಬರೋ ಕೆಲಸಕ್ಕೆ ಇಲಾಖೆಯವರು ಈ ವಿದ್ಯಾರ್ಥಿಗಳನ್ನೇ ಕಳಿಸ್ತಾರೆ. ಪುಕ್ಕಟೆ ಆಳು. ಇವರಿಗೆ ಅದು ಓದಿನ ಭಾಗ, ಆದರೆ ಇವರು ಹೇಳಿದ್ದೇ ಅಲ್ಲಿ ತೀರ್ಮಾನ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನೋ ಜಾತಿ.

ಅವತ್ತು ಒಬ್ಬ ಹುಡುಗ ಎದ್ದು ನಿಂತು ತಾನು ಹೋಗಿದ್ದ ಮನೆಯ ಬಗ್ಗೆ ಹೇಳಿದನಂತೆ. ಹೆಸರು ಹೇಳಬಾರದು ಅನ್ನೋದು ನಿಯಮ. ನಿವೃತ್ತ ಲೈನ್‌ಮನ್. ಮಹಡಿ ಮೇಲಿನ ಕೋಣೆ, ಕಿಟಕಿ ಪಕ್ಕ ಹಳೇ ರೇಡಿಯೋ. ನೀಟಾಗಿ ಶೇವ್ ಮಾಡಿಕೊಂಡು, ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡು ಕುರ್ಚಿ ಮೇಲೆ ಕೂತಿದ್ದರು. "ನಿಮ್ಮ ಕೆಲಸ ನೀವೇ ಮಾಡಿಕೊಳ್ತೀರಾ ಅಂದೆ. ಓಹೋ, ಏನೂ ತೊಂದರೆ ಇಲ್ಲಪ್ಪ, ನೀನು ಮೊದಲು ಟೀ ಕುಡಿ ಅಂದರು. ಆದ್ದರಿಂದ ಸ್ವಾವಲಂಬಿ ಅಂತ ಶಿಫಾರಸು ಮಾಡಿದೆ."

ಪ್ರೊಫೆಸರ್ ಭೇಷ್ ಅಂದರಂತೆ. ಹೀಗೆ ಉಳಿದ ಸಹಾಯ ಇನ್ನೂ ಕಷ್ಟದಲ್ಲಿರೋರಿಗೆ ಹೋಗುತ್ತೆ, ಇದೇ ಒಳ್ಳೇ ಆಡಳಿತ ಅಂತ.

ನನ್ನ ತಂಗಿ ಎದ್ದು ನಿಂತು ಕೇಳಿದಳು, "ಆ ಅಂಗಿಯ ಗುಂಡಿ ಹಾಕಿದ್ದು ಯಾರು?"

ಹುಡುಗ ಅಂದ, "ಅವರೇ ಇರಬೇಕು."

"ಅವರ ಬಲಗೈ ಎಲ್ಲಿತ್ತು?"

"ತೊಡೆ ಮೇಲೆ."

"ಟೀ ಬಗ್ಗಿಸಿಕೊಂಡಿದ್ದು ಯಾರು?"

"ನಾನೇ, ಫ್ಲಾಸ್ಕಿಂದ."

"ಅವರು ನಮ್ಮಪ್ಪ," ಅಂದಳಂತೆ. "ಶೇವ್ ಮಾಡಿದ್ದು, ಗುಂಡಿ ಹಾಕಿದ್ದು, ಕುರ್ಚಿಗೆ ತಂದು ಕೂರಿಸಿದ್ದು ಆ ಸಹಾಯಕಿ. ಅವಳು ಕೆಲಸ ಚೆನ್ನಾಗಿ ಮಾಡಿದ್ದಕ್ಕೇ ಅವಳು ಬೇಡ ಅಂತ ಬರೆದೆಯಲ್ಲೋ."

ಪ್ರೊಫೆಸರ್, ಸ್ವಂತ ವಿಷಯ ಕ್ಲಾಸಿಗೆ ತರಬಾರದು, ಇಲಾಖೆಗೆ ಮೇಲ್ಮನವಿ ಕೊಡಿ ಅಂದರಂತೆ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ಅಂಥ ಹುಡುಗ ಮನೆಗೆ ಬಂದಿದ್ದ ಅಂತ ಅಪ್ಪ ನಮಗೆ ಹೇಳೇ ಇರಲಿಲ್ಲ. ಕೇಳ್ತಾ ಕೇಳ್ತಾ ನನ್ನ ಮೈಯೆಲ್ಲ ಉರಿದುಹೋಯಿತು. ಆ ಹುಡುಗನ ಕೆನ್ನೆಗೆ ಎರಡು ಬಿಡಬೇಕು ಅಂದೆ.

ಅವಳು ತಲೆ ಎತ್ತಲಿಲ್ಲ. "ನಾನೂ ಹಾಗೇ ಮನೆ ನೋಡೋಕೆ ಹೋಗಿದ್ದೆ ಕಣೇ, ಅವನು ನಮ್ಮನೆಗೆ ಬಂದ ದಿನವೇ, ಊರಿನ ಇನ್ನೊಂದು ಮೂಲೆಗೆ. ನಾನೂ ಕೇಳಲಿಲ್ಲ ಗುಂಡಿ ಯಾರು ಹಾಕಿದ್ದು ಅಂತ."

ಮೇಲ್ಮನವಿಗೆ ಅಪ್ಪನೇ ಬರಬೇಕು ಅಂದರು. ಆಟೋದಲ್ಲಿ ಕೂರಿಸಿಕೊಂಡು ಹೋದೆವು. ಅದೇ ನೀಲಿ ಅಂಗಿ ಬೇಕು ಅಂತ ಅಪ್ಪ ಹಟ ಹಿಡಿದರು, ದೊಡ್ಡ ಆಫೀಸಿಗೆ ಹೋಗೋದು ಅಂತ. ನಾನೇ ಗುಂಡಿ ಹಾಕಿದೆ.

ಅಧಿಕಾರಿ ವಯಸ್ಸಾದ ಹೆಂಗಸು, ಕೆಟ್ಟವಳೇನಲ್ಲ. "ಯಜಮಾನರೇ, ನಿಮ್ಮ ಕೈಲಿ ಏನೇನು ಆಗಲ್ಲ ಹೇಳಿ" ಅಂದಳು. ಅಪ್ಪ ಬಾಯಿ ಬಿಡಲಿಲ್ಲ. ಗಾಳಿಯಲ್ಲಿ ತಂತಿ ಕಡಿದು ಬಿದ್ದಾಗಲೂ ಆಗಲ್ಲ ಅಂದ ಮನುಷ್ಯ ಅಲ್ಲ ಅವರು. "ಹೋಗಲಿ, ಆ ಅಂಗಿ ಬಿಚ್ಚಿ, ಮತ್ತೆ ಹಾಕಿಕೊಳ್ಳಿ ನೋಡೋಣ" ಅಂದಳು.

ಕೋಣೆ ತುಂಬ ಜನ. ಅಪ್ಪ ಎಡಗೈಯಿಂದ ಮೊದಲ ಗುಂಡಿ ಹಿಡಿದರು. ಜಾರಿತು. ಮತ್ತೆ ಹಿಡಿದರು. ನಾನು ಕೈ ಚಾಚಿದೆ, ತಂಗಿ ನನ್ನ ಮಣಿಕಟ್ಟು ಹಿಡಿದು ಎಳೆದಳು. ನಾವು ಮುಟ್ಟಿದರೆ ಕೆಲಸ ಕೆಡುತ್ತೆ. ಹುಟ್ಟಿಸಿದ ಅಪ್ಪ ಹತ್ತು ಜನರ ಮುಂದೆ ಬೆವರು ಸುರಿಸೋದನ್ನ ನಾವಿಬ್ಬರೂ ಕೈಕಟ್ಟಿ ನೋಡಿದೆವು. ಎರಡು ಗುಂಡಿ ಬಿಚ್ಚಿದವು. ಮೂರನೆಯದು ಕಿತ್ತು ನೆಲಕ್ಕೆ ಬಿತ್ತು. ಆಗ ಅಪ್ಪ ಅಂದರು, "ನನ್ನ ಕೈಲಿ ಆಗಲ್ಲಮ್ಮ."

ಅಧಿಕಾರಿ ಸಾಕು ಸಾಕು ಅಂದು ಸಹಿ ಹಾಕಿದಳು.

ಸಹಾಯಕಿ ವಾಪಸ್ ಬಂದಳು. ಲಾಯರಮ್ಮ ಪರೀಕ್ಷೆ ಬರೆದಳು, ಪಾಸಾದಳು. ತಾನು ನೋಡಿ ಬಂದಿದ್ದ ಮನೆಗಳಿಗೆಲ್ಲ ಮತ್ತೆ ಹೋಗಿ ಬಾಗಿಲು ತಟ್ಟಿದಳು. ಈಗ ಅದೇ ಆಫೀಸಿನಲ್ಲಿ ಕಿಟಕಿಯ ಆಚೆ ಕೂರ್ತಾಳೆ. ಮನೆ ನೋಡಿ ಬರೋ ಕೆಲಸಕ್ಕೆ ಬಂದ ಹುಡುಗ ಹುಡುಗಿಯರಿಗೆ ಅವಳು ಹೇಳಿಕೊಡೋ ಮೊದಲ ಪಾಠ ಗುಂಡಿಯದೇ. ಜನ ಹೊಗಳ್ತಾರೆ. ನನಗೆ ಮಾತ್ರ ಸಿಟ್ಟು ಇಳಿದಿಲ್ಲ, ಇಳಿಯೋದೂ ಇಲ್ಲ.

ಕಿತ್ತುಹೋದ ಆ ಗುಂಡಿಯನ್ನ ನಾನೇ ಗಟ್ಟಿಯಾಗಿ ಹೊಲಿದು, ಅಂಗಿಗೆ ಇಸ್ತ್ರಿ ಹಾಕಿ ಗೂಟಕ್ಕೆ ನೇತುಹಾಕಿದೆ. ಬೆಳಿಗ್ಗೆ ಸಹಾಯಕಿ ಅದನ್ನ ತೆಗೆದುಕೊಂಡು ಹತ್ತಿರ ಹೋದರೆ ಅಪ್ಪ ಮುಖ ತಿರುಗಿಸ್ತಾರೆ. ಶೇವ್ ಕೂಡ ಬೇಡ ಅಂತಾರೆ. ಬನಿಯನ್‌ನಲ್ಲೇ ಕೂರ್ತಾರೆ.

"ಬೇಡಮ್ಮ," ಅಂತಾರೆ. "ಯಾರಾದರೂ ನೋಡಿಬಿಟ್ಟಾರು."